ಕೆನಡಾದ ಕನ್ನಡ ಅಪ್ಪ ಅಮ್ಮಂದಿರಿಗೆ: ಮಗಳಿಗೆ ಐಸ್ ಹಾಕಿ ಆಟ ಬಿಡಿಸುವ ಮುಂಚೆ

ಕೆನಡಾದಲ್ಲಿ ಹೆಣ್ಣುಮಕ್ಕಳನ್ನು ಬೆಳೆಸುತ್ತಿರುವ ಎಲ್ಲ ಕನ್ನಡ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಬೇಸಿಗೆ ರಜೆ ಮುಗಿದು ಐಸ್ ಹಾಕಿ ಟ್ರೈಔಟ್, ಅಂದರೆ ಟೀಮಿಗೆ ಆರಿಸುವ ದಿನ, ಹತ್ತಿರ ಬರುತ್ತಿದ್ದ ಹಾಗೆ ನಮ್ಮ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. "ಆಡಿದ್ದು ಸಾಕು ಪುಟ್ಟಿ. ಈ ವರ್ಷದಿಂದ ಓದಿನ ಕಡೆ ಗಮನ ಕೊಡು." ಮಗಳು ಒಂಬತ್ತನೇ ಗ್ರೇಡಿಗೋ ಹತ್ತನೇ ಗ್ರೇಡಿಗೋ ಬಂದಿರುತ್ತಾಳೆ. ಚಿಕ್ಕವಳಿದ್ದಾಗಿನಿಂದ ಆಡಿಕೊಂಡು ಬಂದಿರುತ್ತಾಳೆ. ಹೀಗೆ ಹೇಳುವ ಅಪ್ಪ ಅಮ್ಮ ಕಲ್ಲು ಮನಸ್ಸಿನವರಲ್ಲ. ಜನವರಿಯ ಚಳಿಯಲ್ಲಿ, ಇನ್ನೂ ಕತ್ತಲಿರುವಾಗಲೇ ಎದ್ದು, ಕಾರಿನ ಗಾಜಿನ ಮೇಲಿನ ಐಸ್ ಕೆರೆದು, ಅವಳನ್ನು ಐಸ್ ಮೇಲೆ ಆಡುವ ರಿಂಕಿಗೆ ಕರೆದುಕೊಂಡು ಹೋಗಿ, ಕಾಫಿ ಲೋಟ ಹಿಡಿದು ನಡುಗುತ್ತಾ ಕೂತವರು ಅವರೇ. ಮಗಳ ಒಳ್ಳೆಯದಕ್ಕೇ ಹೇಳುತ್ತಾರೆ. ಅದರಲ್ಲಿ ನನಗೆ ಅನುಮಾನ ಇಲ್ಲ.

ಆದರೂ ಈ ಪತ್ರ ಬರೆಯುತ್ತಿದ್ದೇನೆ. ಯುಗಾದಿ ಊಟಕ್ಕೋ ರಾಜ್ಯೋತ್ಸವಕ್ಕೋ ಸೇರಿದಾಗ ಸಿಗುವ ಹುಡುಗಿಯರಲ್ಲಿ "ಮುಂಚೆ ಆಡ್ತಿದ್ದೆ ಆಂಟಿ, ಈಗ ಬಿಟ್ಟಿದೀನಿ" ಅನ್ನುವವರು ತುಂಬಾ ಜನ. ಅವರ ಅಣ್ಣ ತಮ್ಮಂದಿರು ಮಾತ್ರ ಇನ್ನೂ ಆಡುತ್ತಿರುತ್ತಾರೆ. ಹುಡುಗನಿಗೆ ಇನ್ನೊಂದೆರಡು ವರ್ಷ ಅವಕಾಶ ಸಿಗುತ್ತದೆ, ಹುಡುಗಿಗೆ ಸಿಗುವುದಿಲ್ಲ. ಓದು ಇಬ್ಬರಿಗೂ ಒಂದೇ ಅಲ್ವಾ?

ತೀರ್ಮಾನ ನಿಮ್ಮದೇ. ಅದಕ್ಕೆ ಮುಂಚೆ ಒಬ್ಬರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಹೇಲಿ ವಿಕನ್‌ಹೈಸರ್. ಐಸ್ ಹಾಕಿ ಆಟಗಾರ್ತಿ. ಕೆನಡಾದಲ್ಲಿದ್ದು ಈ ಹೆಸರು ಕೇಳದವರು ಇಲ್ಲ. ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು ಅಂತ ಎಲ್ಲರಿಗೂ ಗೊತ್ತು. ಆದರೆ ಆ ಪದಕಗಳ ನಡುವಿನ ವರ್ಷಗಳಲ್ಲಿ ಅವರು ಹೇಗೆ ಆಡಿದರು, ಎಲ್ಲಿ ಆಡಿದರು, ಯಾವಾಗ ಓದಿದರು ಅನ್ನುವುದು ನಮ್ಮ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ. ನಮಗೆ ಬೇಕಾಗಿರುವುದು ಅದೇ.

ಹೇಲಿ ಹುಟ್ಟಿದ್ದು 1978ರ ಆಗಸ್ಟ್‌ನಲ್ಲಿ, ಸಸ್ಕಾಚೆವಾನ್ ಪ್ರಾಂತ್ಯದ ಶಾನವನ್ ಎಂಬ ಸಣ್ಣ ಊರಿನಲ್ಲಿ. ಸುತ್ತ ಗೋಧಿ ಹೊಲ, ಮೇಲೆ ದೊಡ್ಡ ಆಕಾಶ, ವರ್ಷದಲ್ಲಿ ಐದಾರು ತಿಂಗಳು ಚಳಿ. ಅಪ್ಪ ಅಮ್ಮ ಇಬ್ಬರೂ ಮೇಷ್ಟ್ರು. ಅಪ್ಪ ಮನೆ ಹಿತ್ತಲಲ್ಲಿ ನೀರು ಬಿಟ್ಟು ಹೆಪ್ಪುಗಟ್ಟಿಸಿ ರಿಂಕ್ ಮಾಡಿಕೊಟ್ಟರು. ಹುಡುಗಿ ಅಲ್ಲೇ ಸ್ಕೇಟಿಂಗ್ ಕಲಿತಳು. ಆ ಊರಲ್ಲಿ ಹುಡುಗಿಯರ ಟೀಮ್ ಇರಲಿಲ್ಲ. ಹುಡುಗರ ಟೀಮಿನಲ್ಲಿ ಆಡಬೇಕಾಯಿತು. ತಾನು ಹುಡುಗಿ ಅಂತ ಎದುರಿನವರಿಗೆ ಗೊತ್ತಾಗಬಾರದು ಅಂತ ಬಾತ್‌ರೂಮಿನಲ್ಲಿ ನಿಂತು ಕೂದಲನ್ನು ಹೆಲ್ಮೆಟ್ ಒಳಗೆ ತುರುಕಿಕೊಳ್ಳುತ್ತಿದ್ದಳು. ಇದನ್ನು ಅವರೇ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಹುಡುಗಿ ಅಂತ ಗೊತ್ತಾದರೆ ಎದುರು ಟೀಮಿನ ಹುಡುಗರು ಬೇಕಂತಲೇ ಬಂದು ಗುದ್ದುತ್ತಿದ್ದರು. ಸ್ಟ್ಯಾಂಡಿನಲ್ಲಿದ್ದ ಅಪ್ಪ ಅಮ್ಮಂದಿರಲ್ಲೂ ಬಾಯಿಗೆ ಬಂದ ಹಾಗೆ ಮಾತಾಡುವವರಿದ್ದರು. ಇಷ್ಟಾದರೂ ಮೇಷ್ಟ್ರು ದಂಪತಿ ಮಗಳನ್ನು ಬಿಡಿಸಲಿಲ್ಲ. ಕೈಯಲ್ಲಿ ಜಾಸ್ತಿ ದುಡ್ಡಿರಲಿಲ್ಲ, ಮುಂದೆ ಇಂಥದ್ದೇ ಒಂದು ದಾರಿ ಇದೆ ಅಂತ ಯಾರೂ ಭರವಸೆ ಕೊಟ್ಟಿರಲಿಲ್ಲ. ಹೆಂಗಸರ ಹಾಕಿ ಆಗ ಒಲಿಂಪಿಕ್ಸ್‌ನಲ್ಲೇ ಇರಲಿಲ್ಲ. ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1990ರಲ್ಲಿ. ಅಷ್ಟು ಹೊತ್ತಿಗೆ ಹೇಲಿಗೆ 11 ವರ್ಷ. ಅಂದರೆ ಅವಳು ಹಿತ್ತಲಲ್ಲಿ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೊಡೆಯುತ್ತಾ ಕನಸು ಕಂಡದ್ದು ಗಂಡಸರ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆಡಬೇಕು ಅಂತಲೇ. ಹುಡುಗಿಯೊಬ್ಬಳು ಕನಸು ಕಾಣಲು ಬೇರೆ ಜಾಗವೇ ಇರಲಿಲ್ಲ.

ಆಮೇಲೆ ಮನೆಯವರು ಕ್ಯಾಲ್ಗರಿಗೆ ಬಂದರು. 1991ರ ಕೆನಡಾ ವಿಂಟರ್ ಗೇಮ್ಸ್‌ನಲ್ಲಿ 12 ವರ್ಷದ ಹೇಲಿ ಆಲ್ಬರ್ಟಾದ 17 ವರ್ಷದೊಳಗಿನವರ ಟೀಮಿನಲ್ಲಿ ಆಡಿ, ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದಳು. 15ನೇ ವಯಸ್ಸಿಗೆ ದೇಶದ ಟೀಮಿಗೆ ಬಂದಳು. 1994ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಮೊದಲ ವಿಶ್ವ ಚಿನ್ನ.

15 ವರ್ಷ ಅಂದರೆ ನಾವು ನಮ್ಮ ಮಕ್ಕಳ ಕಿಟ್ ಬ್ಯಾಗನ್ನು ಗ್ಯಾರೇಜಿನ ಮೂಲೆಗೆ ಹಾಕುವ ವಯಸ್ಸು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

1998ರಲ್ಲಿ ಜಪಾನಿನ ನಾಗಾನೊದಲ್ಲಿ ಹೆಂಗಸರ ಐಸ್ ಹಾಕಿ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಫೈನಲ್‌ನಲ್ಲಿ ಅಮೆರಿಕದ ಎದುರು ಕೆನಡಾ 3-1ರಿಂದ ಸೋತಿತು. ಆ ಸೋಲು ಕೆನಡಾದವರಿಗೆ ಇವತ್ತಿಗೂ ನೆನಪಿದೆ. ಅದೇ ವರ್ಷ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡದ ಜನರಲ್ ಮ್ಯಾನೇಜರ್ ಬಾಬಿ ಕ್ಲಾರ್ಕ್, ಹೇಲಿಯನ್ನು ತಮ್ಮ ಹೊಸ ಆಟಗಾರರ ಶಿಬಿರಕ್ಕೆ ಕರೆದರು. ಮರುವರ್ಷವೂ ಕರೆದರು. ಎನ್‌ಎಚ್‌ಎಲ್ ತಂಡವೊಂದರ ಶಿಬಿರದಲ್ಲಿ 20ರ ಹುಡುಗಿ. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋಗಿ ಕೆನಡಾ ಪರ ಸಾಫ್ಟ್‌ಬಾಲ್ ಕೂಡ ಆಡಿದರು. 2002ರಲ್ಲಿ ಸಾಲ್ಟ್ ಲೇಕ್ ಸಿಟಿ. ಒಲಿಂಪಿಕ್ಸ್‌ಗೆ ಮುಂಚೆ ಅಮೆರಿಕದ ಜೊತೆ ಆಡಿದ ಎಂಟಕ್ಕೆ ಎಂಟು ಪಂದ್ಯ ಸೋತಿದ್ದ ಕೆನಡಾ, ಫೈನಲ್‌ನಲ್ಲಿ 3-2ರಿಂದ ಗೆದ್ದಿತು. ಹೇಲಿ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಅನ್ನಿಸಿಕೊಂಡರು.

ಇಲ್ಲಿಗೆ ಬಂದ ಮೇಲೆ ನೀವು ಸ್ವಲ್ಪ ನಿಲ್ಲಬೇಕು. ಪ್ರಪಂಚದ ಅತ್ಯುತ್ತಮ ಆಟಗಾರ್ತಿ. ಒಲಿಂಪಿಕ್ ಚಿನ್ನ ಕೊರಳಲ್ಲಿದೆ. ವಯಸ್ಸು 23. ಆಡಿ ಸಂಬಳ ತೆಗೆದುಕೊಳ್ಳೋಣ ಅಂದರೆ ಹೆಂಗಸರಿಗೆ ಬದುಕುವಷ್ಟು ಸಂಬಳ ಕೊಡುವ ಲೀಗ್ ಎಲ್ಲೂ ಇಲ್ಲ. ಹಾಗಾಗಿ ಗಂಡಸರ ಲೀಗಿನಲ್ಲಿ ಜಾಗ ಹುಡುಕಿಕೊಂಡು ಹೊರಟರು. ಇಟಲಿಯ ಮೆರಾನೊ ಊರಿನ ಕ್ಲಬ್ ಬಾ ಅಂದಿತು. ಅಲ್ಲಿನ ಕ್ರೀಡಾ ಸಂಸ್ಥೆ ಹೆಂಗಸರು ಗಂಡಸರ ಲೀಗಿನಲ್ಲಿ ಆಡುವಂತಿಲ್ಲ ಅಂತ ಬಾಗಿಲು ಹಾಕಿತು. ಕೊನೆಗೆ ಫಿನ್‌ಲ್ಯಾಂಡಿನ ಕಿರ್ಕೊನುಮ್ಮಿ ಊರಿನ ಸಲಾಮತ್ ಕ್ಲಬ್ ಒಪ್ಪಿಕೊಂಡಿತು. 2003ರ ಜನವರಿಯಲ್ಲಿ ಅಲ್ಲಿ ಆಡಲು ಇಳಿದರು. ಗಂಡಸರ ವೃತ್ತಿಪರ ಹಾಕಿಯಲ್ಲಿ ಗೋಲು ಹೊಡೆದ ಮೊದಲ ಹೆಂಗಸು ಅಂತ ದಾಖಲೆಯಾಯಿತು. ಆ ಸಲ 23 ಪಂದ್ಯಗಳಲ್ಲಿ 2 ಗೋಲು, 10 ಅಸಿಸ್ಟ್, ಅಂದರೆ ಬೇರೆಯವರ ಗೋಲಿಗೆ ಕೊಟ್ಟ ಪಾಸ್.

ಈ ಅಂಕಿಗಳು ನೋಡಲು ದೊಡ್ಡದಲ್ಲ. ನನಗೆ ಮಾತ್ರ ಅವರ ಇಡೀ ವೃತ್ತಿಯಲ್ಲಿ ತುಂಬಾ ಮುಖ್ಯ ಅನಿಸುವುದು ಗೋಲು, ಅಸಿಸ್ಟ್ ಸೇರಿದ ಈ 12 ಪಾಯಿಂಟ್. ಒಲಿಂಪಿಕ್ಸ್‌ನಲ್ಲಿ ಇಡೀ ದೇಶ ಬೆನ್ನಿಗಿರುತ್ತದೆ, ಟಿವಿ ಇರುತ್ತದೆ. ಫಿನ್‌ಲ್ಯಾಂಡಿನ ಸಣ್ಣ ಊರಿನ ರಿಂಕಿನಲ್ಲಿ, ಗೊತ್ತಿಲ್ಲದ ಭಾಷೆಯ ನಡುವೆ, ತನಗಿಂತ ಎತ್ತರ ತೂಕ ಎರಡೂ ಜಾಸ್ತಿ ಇರುವ ಗಂಡಸರು ಡಿಕ್ಕಿ ಹೊಡೆಯುವಾಗ, ರಿಂಕಿನ ಸುತ್ತಲಿನ ಬೋರ್ಡಿನ ಪಕ್ಕದಿಂದ ಪಕ್ ಬಿಡಿಸಿಕೊಂಡು ಬಂದು ಇನ್ನೊಬ್ಬರಿಗೆ ಪಾಸ್ ಕೊಡುವುದು ಬೇರೆ ಥರದ ಗಟ್ಟಿತನ. ಎರಡನೇ ಸೀಸನ್ ಅಲ್ಲಿ ಜಾಸ್ತಿ ದಿನ ನಡೆಯಲಿಲ್ಲ, ಹತ್ತು ಪಂದ್ಯ ಆಡಿ ವಾಪಸ್ ಬಂದರು. ಮುಂದೆ 2008ರಲ್ಲಿ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಮತ್ತೆ ಗಂಡಸರ ತಂಡಕ್ಕೆ ಆಡಿದರು. ಆಡಬೇಕು ಅನ್ನುವ ಒಂದೇ ಕಾರಣಕ್ಕೆ ಎಲ್ಲೆಲ್ಲಿ ಹೋಗಬೇಕಾಯಿತು ನೋಡಿ.

ಇದನ್ನು ನಮ್ಮ ಮಕ್ಕಳ ಪರಿಸ್ಥಿತಿ ಜೊತೆ ಇಟ್ಟು ನೋಡೋಣ. 2007ರಲ್ಲಿ ಶುರುವಾದ ಕೆನಡಾದ ಮಹಿಳಾ ಲೀಗ್ 2019ರಲ್ಲಿ ದುಡ್ಡಿಲ್ಲದೆ ಮುಚ್ಚಿತು. ಆಟಗಾರ್ತಿಯರು ಎದೆಗುಂದದೆ ಸರಿಯಾದ ಲೀಗ್ ಬೇಕು ಅಂತ ಹಟ ಹಿಡಿದರು. 2024ರ ಜನವರಿ 1ರಂದು ಟೊರೊಂಟೊದಲ್ಲಿ ಹೆಂಗಸರ ಹೊಸ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್‌ನ ಮೊದಲ ಪಂದ್ಯ ನಡೆಯಿತು. ಆ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ಒಂದು ಪಂದ್ಯಕ್ಕೆ ಸೇರಿದ ಜನ 21,105. ಆರು ತಂಡಗಳಿಂದ ಶುರುವಾದ ಲೀಗಿಗೆ ಆಮೇಲೆ ವ್ಯಾಂಕೂವರ್ ಮತ್ತು ಸಿಯಾಟಲ್ ಸೇರಿಕೊಂಡವು. ಮೊದಲ ಸೀಸನ್ನಿನಲ್ಲಿ ಕನಿಷ್ಠ ಸಂಬಳ 35,000 ಅಮೆರಿಕನ್ ಡಾಲರ್. ಐಟಿ ಸಂಬಳದ ಮುಂದೆ ಇದು ಕಡಿಮೆ ಅಂತ ನಿಮಗೆ ಅನಿಸಬಹುದು, ನಿಜವಾಗಿಯೂ ಕಡಿಮೆಯೇ. ಆದರೆ ಹೇಲಿ 23 ವರ್ಷದವರಿದ್ದಾಗ ಇಷ್ಟೂ ಇರಲಿಲ್ಲ. ಇವತ್ತು ಸಣ್ಣ ಊರಲ್ಲೂ ಹುಡುಗಿಯರ ಟೀಮ್ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಬೇರೆ ಡ್ರೆಸಿಂಗ್ ರೂಮ್ ಇದೆ. ಅಮೆರಿಕದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಇದೆ, ಇಲ್ಲಿನ ಯೂನಿವರ್ಸಿಟಿಗಳಲ್ಲಿ ಟೀಮ್ ಇದೆ. ಹೇಲಿಯ ದಾರಿಗೆ ಅಡ್ಡ ನಿಂತದ್ದು ಊರು, ಲೀಗು, ಸಂಸ್ಥೆಗಳ ನಿಯಮ. ಅವಳ ಮನೆ ಅಡ್ಡ ನಿಲ್ಲಲಿಲ್ಲ. ನಮ್ಮ ಮಕ್ಕಳಿಗೆ ಹೊರಗಿನ ಅಡ್ಡಿಗಳು ಎಷ್ಟೋ ಕಡಿಮೆಯಾಗಿವೆ. ಈಗ ಅಡ್ಡ ನಿಂತಿರುವುದು ನಾವು, ನಮ್ಮ ಊಟದ ಮನೆಯಲ್ಲಿ. ಕಠಿಣ ಮಾತು ಅಂತ ಗೊತ್ತು. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಸರಿ, ಓದಿನ ಮಾತಿಗೆ ಬರೋಣ. ನಮ್ಮಲ್ಲಿ ಮೊದಲು ಏಳುವ ಪ್ರಶ್ನೆಯೇ ಅದು.

ಹೇಲಿಗೆ ಡಾಕ್ಟರ್ ಆಗಬೇಕು ಅನ್ನುವುದು ಚಿಕ್ಕಂದಿನ ಆಸೆ. ನಮ್ಮ ಅರ್ಧ ಮನೆಗಳಲ್ಲಿ ಇರುವ ಆಸೆಯೇ. 2006ರಲ್ಲಿ ಟ್ಯುರಿನ್‌ನಲ್ಲಿ ಎರಡನೇ ಚಿನ್ನ, ಮತ್ತೆ ಅತ್ಯುತ್ತಮ ಆಟಗಾರ್ತಿ. 2010ರಲ್ಲಿ ವ್ಯಾಂಕೂವರ್‌ನಲ್ಲಿ ಕ್ಯಾಪ್ಟನ್ ಆಗಿ ಮೂರನೇ ಚಿನ್ನ, ಉದ್ಘಾಟನೆಯಲ್ಲಿ ಎಲ್ಲ ಆಟಗಾರರ ಪರವಾಗಿ ಪ್ರಮಾಣ ವಚನ ಹೇಳಿದವರೂ ಅವರೇ. ಅಷ್ಟೆಲ್ಲ ಆದ ಮೇಲೆ, 32ನೇ ವಯಸ್ಸಿನಲ್ಲಿ, ಕ್ಯಾಲ್ಗರಿ ಯೂನಿವರ್ಸಿಟಿಯ ಡೈನೋಸ್ ತಂಡಕ್ಕೆ ಆಡುತ್ತಾ 19, 20 ವರ್ಷದವರ ಜೊತೆ ಕ್ಲಾಸಿನಲ್ಲಿ ಕೂತರು. 2012ರಲ್ಲಿ ಆ ತಂಡ ಯೂನಿವರ್ಸಿಟಿಗಳ ರಾಷ್ಟ್ರೀಯ ಚಾಂಪಿಯನ್ ಆಯಿತು. 2013ರಲ್ಲಿ ಕಿನೀಸಿಯಾಲಜಿ, ಅಂದರೆ ದೇಹದ ಚಲನೆಯ ವಿಜ್ಞಾನದಲ್ಲಿ ಡಿಗ್ರಿ. ಆಗ ವಯಸ್ಸು 34. ಮರುವರ್ಷ ಸೋಚಿಯಲ್ಲಿ ನಾಲ್ಕನೇ ಒಲಿಂಪಿಕ್ ಚಿನ್ನ. 2017ರ ಜನವರಿಯಲ್ಲಿ ನಿವೃತ್ತಿ ಹೇಳಿದರು. ಆಮೇಲೆ ಅದೇ ಕ್ಯಾಲ್ಗರಿ ಯೂನಿವರ್ಸಿಟಿಯಲ್ಲಿ ಮೆಡಿಕಲ್ ಓದಿ 2021ರಲ್ಲಿ ಡಾಕ್ಟರ್ ಆದರು. ವಯಸ್ಸು 42. ಟೊರೊಂಟೊದಲ್ಲಿ ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿ ಮಾಡಿದರು. ಓದುತ್ತಿರುವಾಗಲೇ, 2018ರಲ್ಲಿ, ಟೊರೊಂಟೊ ಮೇಪಲ್ ಲೀಫ್ಸ್ ತಂಡ ಅವರನ್ನು ಆಟಗಾರರನ್ನು ಬೆಳೆಸುವ ಕೆಲಸಕ್ಕೆ ತೆಗೆದುಕೊಂಡಿತು. 2022ರಲ್ಲಿ ಅಸಿಸ್ಟೆಂಟ್ ಜನರಲ್ ಮ್ಯಾನೇಜರ್ ಮಾಡಿತು. ಚಿಕ್ಕವಳಿದ್ದಾಗ ಆಡಬೇಕು ಅಂತ ಕನಸು ಕಂಡ ಎನ್‌ಎಚ್‌ಎಲ್‌ಗೆ ಹೋದದ್ದು ಹೀಗೆ.

ನಿಮ್ಮ ಮನಸ್ಸಿನಲ್ಲಿ ಏನು ಬರುತ್ತದೆ ಅಂತ ನನಗೆ ಗೊತ್ತು. "34ಕ್ಕೆ ಡಿಗ್ರಿ, 42ಕ್ಕೆ ಡಾಕ್ಟರ್. ಇದೇ ನೋಡಿ ನಮ್ಮ ಭಯ. ಎಲ್ಲರಿಗೂ ಅಷ್ಟು ಸಮಯ ಎಲ್ಲಿರುತ್ತದೆ?" ನಿಮ್ಮ ಭಯ ಸುಳ್ಳಲ್ಲ. ಅವರ ಓದು ತಡವಾಯಿತು. ಆಟ ಅವರ ಇಪ್ಪತ್ತರ ವರ್ಷಗಳನ್ನೆಲ್ಲ ತಿಂದುಕೊಂಡಿತು. ಆದರೆ ಅವರು ಆಡಿದ್ದು ಐದು ಚಳಿಗಾಲದ ಒಲಿಂಪಿಕ್ಸ್‌ಗೆ, ದೇಶದ ಪರ 276 ಪಂದ್ಯ, 168 ಗೋಲು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ಹೈಸ್ಕೂಲ್ ಮುಗಿಯುವವರೆಗೆ ವಾರಕ್ಕೆ ಎರಡು ಪ್ರಾಕ್ಟೀಸ್, ಒಂದೆರಡು ಪಂದ್ಯ ಆಡಿಕೊಂಡು, ಅಷ್ಟಕ್ಕೇ ಖುಷಿಯಾಗಿ ಇರುವ ಹುಡುಗಿಯ ಓದು ಅದರಿಂದ ಹಾಳಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ನೋಡಿರುವ ಹುಡುಗಿಯರಲ್ಲಿ ಹಾಕಿ ಬಿಟ್ಟ ಮೇಲೆ ಆ ಸಮಯ ಪುಸ್ತಕಕ್ಕೆ ಹೋದದ್ದು ಅಪರೂಪ. ಹೆಚ್ಚಾಗಿ ಹೋದದ್ದು ಫೋನಿಗೆ.

ಇನ್ನೊಂದು ಮಾತು. ಸ್ಕಾಲರ್‌ಶಿಪ್ ಸಿಗುತ್ತದೆ ಅನ್ನುವ ಲೆಕ್ಕಕ್ಕೆ ಮಗಳನ್ನು ಆಡಿಸಬೇಡಿ. ಅದು ಇನ್ನೊಂದು ಟ್ಯೂಷನ್ ಆಗಿಬಿಡುತ್ತದೆ. ಆಟಕ್ಕಾಗಿ ಆಡಲಿ. ಬಂದರೆ ಬರಲಿ.

ಪೆಟ್ಟಿನ ವಿಷಯವನ್ನು ನಾನು ಮರೆಮಾಚುವುದಿಲ್ಲ. ಊರಿನ ಅಜ್ಜಿಯರು ಫೋನಿನಲ್ಲಿ "ಮೂಗು ಮುರ್ಕೊಂಡ್ರೆ ಮುಂದೆ ಮದುವೆ ಗತಿ ಏನೇ" ಅಂತ ಕೇಳುತ್ತಾರಲ್ಲ, ಆ ಮಾತನ್ನು ಪಕ್ಕಕ್ಕಿಡಿ. ಮೂಗಿಗೆ ಹೆಲ್ಮೆಟ್ ಮುಂದಿನ ಕಂಬಿಯ ಕೇಜ್ ಇದೆ. ನಿಜವಾಗಿ ಯೋಚಿಸಬೇಕಾದದ್ದು ತಲೆಯ ಬಗ್ಗೆ. ಹುಡುಗಿಯರ ಹಾಕಿಯಲ್ಲಿ ಬೇಕಂತಲೇ ಮೈಮೇಲೆ ಬಿದ್ದು ಡಿಕ್ಕಿ ಹೊಡೆಯುವಂತಿಲ್ಲ. ಹಾಗಂತ ತಲೆಗೆ ಪೆಟ್ಟಾಗುವುದೇ ಇಲ್ಲ ಅಂತಲ್ಲ. ಬೋರ್ಡಿಗೆ ಬಡಿಯುತ್ತಾರೆ, ಐಸ್ ಮೇಲೆ ಬೀಳುತ್ತಾರೆ, ಇಬ್ಬರು ಎದುರುಬದುರು ಬಂದು ಬಡಿದುಕೊಳ್ಳುತ್ತಾರೆ. ಹೇಲಿಗೆ ಈ ವಿಷಯ ತುಂಬಾ ಹತ್ತಿರದ್ದು. ಅವರ ಸ್ನೇಹಿತ, ಎನ್‌ಎಚ್‌ಎಲ್ ಆಟಗಾರ ಸ್ಟೀವ್ ಮೊಂಟಡೋರ್ 2015ರಲ್ಲಿ 35ನೇ ವಯಸ್ಸಿಗೇ ತೀರಿಕೊಂಡರು. ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮೆದುಳಿನ ಕಾಯಿಲೆ ಅವರಿಗಿತ್ತು ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಆಟವನ್ನು ಅಷ್ಟು ಪ್ರೀತಿಸುವ ಹೇಲಿ, ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಅಷ್ಟೇ ಜೋರಾಗಿ ಮಾತಾಡುತ್ತಾರೆ.

ಒಂಟಾರಿಯೊದಲ್ಲಿ ಇರುವವರು ರೋವನ್ಸ್ ಲಾ ಬಗ್ಗೆ ತಿಳಿದುಕೊಳ್ಳಿ. ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ ರಗ್ಬಿ ಆಡುವಾಗ ಕೆಲವೇ ದಿನಗಳಲ್ಲಿ ಮೇಲಿಂದ ಮೇಲೆ ತಲೆಗೆ ಪೆಟ್ಟು ಬಿದ್ದು 2013ರಲ್ಲಿ ತೀರಿಕೊಂಡಳು. 2018ರಲ್ಲಿ ಅವಳ ಹೆಸರಲ್ಲೇ ಕಾನೂನು ಬಂತು. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಮಗುವನ್ನು ತಕ್ಷಣ ಆಟದಿಂದ ಹೊರಗೆ ಕೂರಿಸಬೇಕು, ಡಾಕ್ಟರ್ ಸರಿ ಅನ್ನುವವರೆಗೆ ಪಂದ್ಯಕ್ಕೆ ಇಳಿಸಬಾರದು. ನೀವು ಯಾವ ಪ್ರಾಂತ್ಯದಲ್ಲೇ ಇರಿ, ಮನೆಯಲ್ಲಿ ಇದೇ ನಿಯಮ ಇಟ್ಟುಕೊಳ್ಳಿ. ಫೈನಲ್ ಆದರೂ ಸರಿ, ಕೋಚ್ ಮುಖ ಸಪ್ಪಗೆ ಮಾಡಿದರೂ ಸರಿ. ತಲೆನೋವು, ವಾಂತಿ, ಬೆಳಕು ನೋಡಲಾಗದೆ ಕಣ್ಣು ಮುಚ್ಚಿಕೊಳ್ಳುವುದು, ಸುಮ್ನೆ ಸುಮ್ನೆ ಸಿಡುಕುವುದು ಕಂಡರೆ ಎಚ್ಚರವಾಗಿ. ಮಗಳು "ಏನಿಲ್ಲಮ್ಮ, ಚೆನ್ನಾಗಿದೀನಿ" ಅನ್ನುತ್ತಾಳೆ. ಆಡಲು ಬಿಡುವುದಿಲ್ಲ ಅನ್ನುವ ಭಯಕ್ಕೆ ಹಾಗೆ ಹೇಳುತ್ತಾಳೆ. ಈಗಾಗಲೇ ಮನೆಯಲ್ಲಿ ಹಾಕಿ ಬಿಡಿಸುವ ಮಾತು ನಡೆಯುತ್ತಿದ್ದರೆ ಇನ್ನೂ ಜಾಸ್ತಿ ಬಚ್ಚಿಡುತ್ತಾಳೆ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಕುತ್ತಿಗೆಗೆ ಗಾರ್ಡ್ ಹಾಕಿಸಿ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಆಡುವಾಗ ಸ್ಕೇಟ್ ಅಲಗು ಕುತ್ತಿಗೆಗೆ ತಗುಲಿ ಆಡಂ ಜಾನ್ಸನ್ ತೀರಿಕೊಂಡ ಮೇಲೆ ದೊಡ್ಡವರ ಲೀಗುಗಳೂ ಇದನ್ನು ಗಂಭೀರವಾಗಿ ತೆಗೆದುಕೊಂಡವು. ಸೆಕೆ ಆಗುತ್ತೆ, ಚುಚ್ಚುತ್ತೆ ಅಂತ ಮಕ್ಕಳು ಗೊಣಗುತ್ತಾರೆ. ಗೊಣಗಲಿ.

ಡ್ರೆಸಿಂಗ್ ರೂಮಿನ ವಿಷಯವನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ಹಾಕಿ ಕೆನಡಾ ಸಂಸ್ಥೆ, ಲೈಂಗಿಕ ದೌರ್ಜನ್ಯದ ದೂರುಗಳನ್ನು ಹಣ ಕೊಟ್ಟು ಮುಗಿಸಿದ್ದು ಹೊರಗೆ ಬಂದು, ಆ ಅಕ್ಟೋಬರಿನಲ್ಲಿ ಅದರ ಮುಖ್ಯಸ್ಥರೂ ಇಡೀ ಆಡಳಿತ ಮಂಡಳಿಯೂ ಜಾಗ ಖಾಲಿ ಮಾಡಬೇಕಾಯಿತು. ಇದನ್ನು ಕೇಳಿದ ಮೇಲೆ ಯಾವ ತಾಯಿಗೆ ಭಯ ಆಗುವುದಿಲ್ಲ? ಮಕ್ಕಳಿರುವಾಗ ಡ್ರೆಸಿಂಗ್ ರೂಮಿನಲ್ಲಿ ತರಬೇತಿ ಪಡೆದ ಇಬ್ಬರು ದೊಡ್ಡವರು ಇರಬೇಕು, ಒಬ್ಬರೇ ಇರಬಾರದು ಅನ್ನುವ ನಿಯಮ ಇದೆ. ಅದು ನಡೆಯುತ್ತಿದೆಯಾ ಅಂತ ಮ್ಯಾನೇಜರನ್ನು ಕೇಳುವ ಹಕ್ಕು ನಿಮಗಿದೆ. ನಮ್ಮವರು ಇಂಥದ್ದನ್ನು ಕೇಳಲು ಸಂಕೋಚ ಪಡುತ್ತಾರೆ. ಸಂಕೋಚ ಬೇಡ. ಸಾಧ್ಯವಾದರೆ ಅಮ್ಮಂದಿರೇ ಟೀಮ್ ಮ್ಯಾನೇಜರ್ ಆಗಿ, ಬೆಂಚಿನ ಹತ್ತಿರ ನಿಲ್ಲಿ. ಗ್ಯಾಲರಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ನಾವು ನಾವೇ ಮಾತಾಡಿಕೊಂಡು ಬಂದರೆ ಏನೂ ಗೊತ್ತಾಗುವುದಿಲ್ಲ.

ಖರ್ಚಿನ ಬಗ್ಗೆ ಹೇಳುವುದು ಏನಿದೆ, ನಿಮಗೇ ಗೊತ್ತು. ಸೆಕೆಂಡ್ ಹ್ಯಾಂಡ್ ಸಾಮಾನು ಧಾರಾಳವಾಗಿ ಸಿಗುತ್ತದೆ. ಹೆಲ್ಮೆಟ್ ಮಾತ್ರ ಹೊಸದು ತೆಗೆದುಕೊಳ್ಳಿ. ಕಿಡ್‌ಸ್ಪೋರ್ಟ್, ಜಂಪ್‌ಸ್ಟಾರ್ಟ್ ಥರದ ಸಂಸ್ಥೆಗಳು ಫೀಸಿಗೆ ಸಹಾಯ ಮಾಡುತ್ತವೆ. ಹೊಸದಾಗಿ ಬಂದು ಇನ್ನೂ ಸರಿಯಾದ ಕೆಲಸ ಸಿಗದವರು ಕೇಳಲು ನಾಚಿಕೊಳ್ಳಬೇಡಿ. ಆ ದುಡ್ಡು ಇರುವುದೇ ಅದಕ್ಕೆ.

"ಇದು ಅವರ ಆಟ, ನಮ್ಮ ಮಕ್ಕಳಿಗೆ ಒಗ್ಗುವುದಿಲ್ಲ" ಅನ್ನುವವರಿಗೆ ಒಂದು ವಿಷಯ. ಹಾಕಿ ಅಂದರೆ ನಮಗೆ ಕೊಡಗು ನೆನಪಾಗುತ್ತದೆ, ಹಸಿರು ಮೈದಾನ ನೆನಪಾಗುತ್ತದೆ. ಐಸ್ ಮೇಲೆ ಆಡುವ ಭಾರತೀಯ ಹೆಣ್ಣುಮಕ್ಕಳೂ ಇದ್ದಾರೆ, ಲಡಾಖ್‌ನಲ್ಲಿ. ಅಲ್ಲಿ ಕೆರೆಗಳು ಹೆಪ್ಪುಗಟ್ಟುವ ಒಂದೆರಡು ತಿಂಗಳೇ ಅವರ ಸೀಸನ್. ಗಂಡಸರ ಹಳೇ ಸಾಮಾನು ಹಾಕಿಕೊಂಡು, ಗಂಡಸರ ಆಟ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅಭ್ಯಾಸ ಮಾಡಿ ಬೆಳೆದವರು. 2016ರಲ್ಲಿ ಭಾರತದ ಮಹಿಳಾ ತಂಡ ಮೊದಲ ಸಲ ಏಷ್ಯಾ ಮಟ್ಟದ ಟೂರ್ನಿಗೆ ಹೋಯಿತು. ಮರುವರ್ಷ ಫಿಲಿಪ್ಪೀನ್ಸ್ ವಿರುದ್ಧ 4-3ರಿಂದ ಮೊದಲ ಗೆಲುವು. 2018ರಲ್ಲಿ ಹೇಲಿ ಸ್ವತಃ ಲಡಾಖ್‌ಗೆ ಹೋಗಿ ಆ ಹುಡುಗಿಯರ ಜೊತೆ ಆಡಿ ಬಂದರು. ಅದೇ ವರ್ಷ ನವೆಂಬರಿನಲ್ಲಿ ಅವರನ್ನು ಕ್ಯಾಲ್ಗರಿಗೆ, ತಮ್ಮ ವಿಕ್‌ಫೆಸ್ಟ್ ಹುಡುಗಿಯರ ಹಾಕಿ ಹಬ್ಬಕ್ಕೆ ಕರೆಸಿಕೊಂಡರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಭಾರತ ಕಂಚು ಗೆದ್ದಿತು.

ವರ್ಷಕ್ಕೆ ಎರಡು ತಿಂಗಳು ಐಸ್ ಸಿಗುವ ಕಡೆಯಿಂದ ಬಂದ ಹುಡುಗಿಯರು ಕಂಚು ಗೆದ್ದರು. ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ರಿಂಕ್ ಇದೆ.

ಹೇಲಿಯಿಂದ ನಮ್ಮ ಮಕ್ಕಳು ಕಲಿಯಬೇಕು ಅಂತ ನನಗೆ ಅನಿಸುವ ಇನ್ನೊಂದು ವಿಷಯ ಐಸ್ ಮೇಲಿನದಲ್ಲ. 2014ರಲ್ಲಿ ಆಟಗಾರರು ಅವರನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಆಟಗಾರರ ಆಯೋಗಕ್ಕೆ ಆರಿಸಿದರು. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡುತ್ತಿದ್ದಾಗ ಟೋಕಿಯೊ ಒಲಿಂಪಿಕ್ಸ್ ಅಂದುಕೊಂಡ ದಿನಕ್ಕೇ ನಡೆಯುತ್ತದೆ ಅಂತ ಸಮಿತಿ ಹೇಳುತ್ತಲೇ ಇತ್ತು. ಹೇಲಿ ಆಗ ಮೆಡಿಕಲ್ ವಿದ್ಯಾರ್ಥಿನಿ. ಎಮರ್ಜೆನ್ಸಿ ವಾರ್ಡಿನ ಪರಿಸ್ಥಿತಿ ಕಣ್ಣಾರೆ ಕಂಡಿದ್ದರು. ಮಾರ್ಚ್ 17ರಂದು, ಈ ಹಟ ಬೇಜವಾಬ್ದಾರಿಯದ್ದು, ಜನರ ಕಷ್ಟ ಅರ್ಥ ಮಾಡಿಕೊಳ್ಳದ್ದು ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದರು. ತಾವೇ ಸದಸ್ಯರಾಗಿದ್ದ ಸಂಸ್ಥೆಯ ವಿರುದ್ಧ. ಒಂದು ವಾರದಲ್ಲಿ ಒಲಿಂಪಿಕ್ಸ್ ಮುಂದಕ್ಕೆ ಹೋಯಿತು. ಅವರೊಬ್ಬರ ಮಾತಿನಿಂದಲೇ ಹೋಯಿತು ಅಂತ ಹೇಳುತ್ತಿಲ್ಲ. ಕೆನಡಾ ತನ್ನ ಆಟಗಾರರನ್ನು ಕಳಿಸುವುದಿಲ್ಲ ಅಂದಿತು, ಬೇರೆ ದೇಶಗಳೂ ದನಿ ಎತ್ತಿದವು. ಆದರೆ ಒಳಗಿದ್ದುಕೊಂಡೇ ಅಷ್ಟು ಬೇಗ ಎದ್ದು ನಿಂತು ಮಾತಾಡುವ ಧೈರ್ಯ ಒಂದು ದಿನದಲ್ಲಿ ಬರುವುದಿಲ್ಲ. ಹುಡುಗರ ರಿಂಕಿನಲ್ಲಿ, ಬೈಗುಳದ ನಡುವೆ, ನಾನು ಇಲ್ಲಿಂದ ಹೋಗಲ್ಲ ಅಂತ ನಿಂತ ಮಗುವಿನಲ್ಲೇ ಅದು ಶುರುವಾಗಿತ್ತು ಅಂತ ನನ್ನ ನಂಬಿಕೆ. ನಾಳೆ ಆಫೀಸಿನ ಮೀಟಿಂಗಿನಲ್ಲಿ ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಮಾತಾಡಬೇಕು ಅಂತ ನಾವೆಲ್ಲ ಬಯಸುತ್ತೇವೆ. ಅದನ್ನು ಕಲಿಸುವ ಜಾಗದಿಂದ ಅವರನ್ನು 14ನೇ ವಯಸ್ಸಿಗೇ ಎಬ್ಬಿಸಿಕೊಂಡು ಬರುತ್ತೇವೆ.

ಸೋಚಿಯ ಫೈನಲ್ ಪಂದ್ಯವನ್ನು ಮಗಳ ಜೊತೆ ಕೂತು ಪೂರ್ತಿ ನೋಡಿ. ಮೂರೂವರೆ ನಿಮಿಷಕ್ಕಿಂತ ಕಡಿಮೆ ಸಮಯ ಉಳಿದಾಗ ಕೆನಡಾ 2-0ಯಿಂದ ಹಿಂದಿತ್ತು. ಒಂದು ಗೋಲು ಬಂತು. ಕೊನೆಯ ನಿಮಿಷದಲ್ಲಿ ಮರಿ-ಫಿಲಿಪ್ ಪುಲಾಂ ಇನ್ನೊಂದು ಹೊಡೆದು ಸಮ ಮಾಡಿದರು. ಹೆಚ್ಚುವರಿ ಆಟದಲ್ಲಿ 35 ವರ್ಷದ ಹೇಲಿ ಪಕ್ ಹಿಡಿದು ಒಬ್ಬರೇ ಗೋಲಿನ ಕಡೆ ನುಗ್ಗಿದರು. ಹಿಂದಿನಿಂದ ಬಂದ ಅಮೆರಿಕದ ಆಟಗಾರ್ತಿಯಿಂದಾಗಿ ಬಿದ್ದರು, ಪೆನಾಲ್ಟಿಯಾಗಿ ಆ ಆಟಗಾರ್ತಿ ಹೊರಗೆ ಕೂರಬೇಕಾಯಿತು, ಆ ಹೊತ್ತಿನಲ್ಲಿ ಪುಲಾಂ ಗೆಲುವಿನ ಗೋಲು ಹೊಡೆದರು. ಆ ಟೂರ್ನಿ ಆಡುವಾಗ ಹೇಲಿಯ ಪಾದದ ಮೂಳೆ ಮುರಿದಿತ್ತು ಅಂತ ಆಮೇಲೆ ಗೊತ್ತಾಯಿತು. ಮುರಿದ ಕಾಲಿನಲ್ಲಿ ಆಡಿದ್ದನ್ನು ನಾನು ಮಕ್ಕಳಿಗೆ ಆದರ್ಶ ಅಂತ ತೋರಿಸುವುದಿಲ್ಲ, ನಿಮ್ಮ ಮಗಳು ಹಾಗೆ ಆಡಬಾರದು. ಆ ಕೊನೆಯ ನಿಮಿಷಗಳಲ್ಲಿ ಕೆನಡಾದ ಬೆಂಚಿನಲ್ಲಿ ಕೂತವರ ಮುಖ ನೋಡಿ, ಅಷ್ಟು ಸಾಕು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಈ ಸಲ ಟ್ರೈಔಟ್‌ಗೆ ಹೆಸರು ಕೊಡುವ ಕೊನೆಯ ದಿನಕ್ಕೆ ಮುಂಚೆ ಮಗಳನ್ನು ಕೂರಿಸಿಕೊಂಡು ಕೇಳಿ: "ನಿನಗೆ ಆಡಬೇಕಾ?" ಅವಳೇ ಬೇಡ ಅಂದರೆ ಸಂತೋಷವಾಗಿ ಬಿಡಿಸಿ, ಅದು ಅವಳ ಇಷ್ಟ. ಬೇಕು ಅಂದರೆ ಓದಿಗೂ ಆಟಕ್ಕೂ ಸಮಯ ಹೇಗೆ ಹೊಂದಿಸುವುದು ಅಂತ ಅವಳನ್ನೇ ಬರೆದುಕೊಂಡು ಬರಲು ಹೇಳಿ. ಕಾರಿನಲ್ಲಿ ಬಿಡುವುದು, ಕರೆದುಕೊಂಡು ಬರುವುದೇ ಕಷ್ಟ ಆಗುತ್ತಿದ್ದರೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿ. ನಾಲ್ಕು ಮನೆಯವರು ಸೇರಿದರೆ ಬೆಳಗಿನ ಜಾವದ ಸರದಿ ವಾರಕ್ಕೊಂದೇ ಸಲ ಬರುತ್ತದೆ. ಕ್ಯಾಲ್ಗರಿಯ ಉತ್ತರ ಭಾಗದಲ್ಲಿ ಇರುವವರನ್ನು ನಮ್ಮ ಕಾರಿನಲ್ಲಿ ಕರೆದುಕೊಂಡು ಹೋಗಲು ನಾವು ತಯಾರಿದ್ದೇವೆ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳಿಗೆ, ಡಿಕ್ಕಿಯಲ್ಲಿ ಎರಡು ಬ್ಯಾಗಿಗೆ ಜಾಗ ಇದೆ.

ಇಂತಿ ನಿಮ್ಮ,
ಕ್ಯಾಲ್ಗರಿಯ ಒಬ್ಬ ಕನ್ನಡದ ತಾಯಿ